ತಿದ್ದಿದ ಪತ್ರ, ಹಳೆಯ ಸಹಿ

ಲಿನಕ್ಸ್ ಯಂತ್ರದ ಮುಂದೆ ಕೂತು, ರೂಟ್ ಆಗದೆ ಸಾಮಾನ್ಯ ಬಳಕೆದಾರರಾಗಿಯೇ, ನಿಮ್ಮ ಹೆಸರಿನಲ್ಲಿ ಒಂದು ಫೈಲು ಮಾಡಿ. ಸಿಎಚ್‌ಮಾಡ್ 4755 ಎಂದು ಹೊಡೆದು ಅದಕ್ಕೆ ಸೆಟ್‌ಯುಐಡಿ ಬಿಟ್ ಹಚ್ಚಿ. ಎಲ್‌ಎಸ್ ಕೊಟ್ಟರೆ ಅನುಮತಿಗಳ ಸಾಲಿನಲ್ಲಿ ಮಾಲೀಕನ ‘ಎಕ್ಸ್’ ಇರಬೇಕಾದ ಕಡೆ ‘ಎಸ್’ ಅಕ್ಷರ ಕೂತಿರುತ್ತದೆ. ಈಗ ಎಕೋ ಆಜ್ಞೆಯಿಂದ ಆ ಫೈಲಿನ ಕೊನೆಗೆ ಒಂದೇ ಒಂದು ಸಾಲು ಸೇರಿಸಿ ಮತ್ತೆ ಎಲ್‌ಎಸ್ ಕೊಡಿ. ‘ಎಸ್’ ಹೋಗಿ ‘ಎಕ್ಸ್’ ಬಂದಿರುತ್ತದೆ. ತೆಗೆ ಎಂದು ನೀವು ಹೇಳಿರಲಿಲ್ಲ. ತೆಗೆದೆ ಎಂದು ಕರ್ನಲ್ಲೂ ಹೇಳಲಿಲ್ಲ. ಒಂದು ಎಚ್ಚರಿಕೆಯ ಸಾಲು ಕೂಡ ಪರದೆ ಮೇಲೆ ಬರಲಿಲ್ಲ.

ಸದ್ದಿಲ್ಲದೆ ನಡೆಯುವ ಈ ಅಳಿಸುವಿಕೆಯೇ ಈ ಲೇಖನದ ವಿಷಯ. ಕೇಳಲು ಸಣ್ಣದು: ಫೈಲು ಬದಲಾದರೆ ಅದಕ್ಕೆ ಕೊಟ್ಟಿದ್ದ ವಿಶೇಷ ಅಧಿಕಾರ ಹೋಗಬೇಕು. ನಿಯಮ ಅಷ್ಟೇ. ಆದರೆ 1980ರ ದಶಕದಲ್ಲೇ ಬರೆದಿಟ್ಟ ಈ ಒಂದು ಸಾಲಿನ ನಿಯಮವನ್ನು ಲಿನಕ್ಸ್ ಕರ್ನಲ್ 2022ರಲ್ಲೂ ಹೊಲಿಯುತ್ತಿತ್ತು, 2024ರಲ್ಲೂ ತೇಪೆ ಹಾಕುತ್ತಿತ್ತು. ಅಳಿಸುವುದು ಕಷ್ಟವಲ್ಲ. ಯಾವಾಗ ಅಳಿಸಬೇಕು, ಯಾರು ಬರೆದರೆ ಅಳಿಸಬೇಕು, ಯಾವ ಬಾಗಿಲಿನಿಂದ ಬಂದ ಬದಲಾವಣೆಯನ್ನು ಬದಲಾವಣೆ ಎನ್ನಬೇಕು, ತೊಡಕೆಲ್ಲ ಅಲ್ಲಿದೆ.

ಸೆಟ್‌ಯುಐಡಿ ಎಂದರೆ ಜಿಪಿಎ ಪತ್ರ ಇದ್ದಹಾಗೆ. ಪ್ರೋಗ್ರಾಮನ್ನು ಯಾರೇ ಓಡಿಸಲಿ, ಅದು ಓಡಿಸಿದವನ ಹೆಸರಿನಲ್ಲಿ ಅಲ್ಲ, ಫೈಲಿನ ಮಾಲೀಕನ ಹೆಸರಿನಲ್ಲಿ ಓಡುತ್ತದೆ. ನಿಮ್ಮ ಪಾಸ್‌ವರ್ಡ್ ನೀವೇ ಬದಲಿಸಿಕೊಳ್ಳಬೇಕು, ಆದರೆ ಪಾಸ್‌ವರ್ಡುಗಳಿರುವ ಫೈಲನ್ನು ರೂಟ್ ಮಾತ್ರ ಮುಟ್ಟಬಹುದು. ಹಾಗಾಗಿ ಪಾಸ್‌ವರ್ಡ್ ಬದಲಿಸುವ ಪ್ರೋಗ್ರಾಮಿಗೆ ರೂಟ್ ತನ್ನ ಜಿಪಿಎ ಬರೆದುಕೊಟ್ಟಿದ್ದಾನೆ. ಬೆಲ್ ಲ್ಯಾಬ್ಸ್‌ನ ಡೆನಿಸ್ ರಿಚಿ ಇದಕ್ಕೆ 1973ರಲ್ಲಿ ಪೇಟೆಂಟ್ ಅರ್ಜಿ ಹಾಕಿದರು, 1979ರ ಜನವರಿಯಲ್ಲಿ ಪೇಟೆಂಟ್ ಸಿಕ್ಕಿತು. ಆಮೇಲೆ ಅದನ್ನು ಸಾರ್ವಜನಿಕರಿಗೇ ಬಿಟ್ಟುಕೊಟ್ಟರು. ಯೂನಿಕ್ಸ್‌ನ ಅತಿ ಜಾಣ ಕಲ್ಪನೆಗಳಲ್ಲಿ ಇದೊಂದು, ಅತಿ ಹೆಚ್ಚು ತಲೆನೋವು ಕೊಟ್ಟದ್ದೂ ಇದೇ.

ಜಿಪಿಎ ಪತ್ರದಲ್ಲಿ ಸಹಿ ಹಾಗೇ ಇದ್ದು, ಒಳಗಿನ ಒಕ್ಕಣೆಯನ್ನು ಇನ್ನೊಬ್ಬ ತಿದ್ದಿದರೆ ಏನಾದೀತು? ರೂಟ್‌ನ ಸೆಟ್‌ಯುಐಡಿ ಫೈಲೊಂದಕ್ಕೆ ಯಾರೋ ಅಡ್ಮಿನ್ ಕೈತಪ್ಪಿ ‘ಎಲ್ಲರೂ ಬರೆಯಬಹುದು’ ಎಂಬ ಅನುಮತಿ ಕೊಟ್ಟಿದ್ದಾನೆ ಅಂದುಕೊಳ್ಳಿ. ಯಾವನೋ ಬಂದು ಅದರೊಳಗೆ ತನ್ನ ಕೋಡ್ ತುಂಬಿ ಓಡಿಸಿದರೆ ಯಂತ್ರವೇ ಅವನದು. ಅದಕ್ಕೇ 4.2 ಬಿಎಸ್‌ಡಿಯ ರೈಟ್ ಕರೆಯ ಕೈಪಿಡಿಯಲ್ಲಿ, ಸೂಪರ್ ಯೂಸರ್ ಅಲ್ಲದವನು ಬರೆದರೆ ಸೆಟ್‌ಯುಐಡಿ ಬಿಟ್ ಅಳಿದುಹೋಗುತ್ತದೆ ಎಂದು ಕಾರಣ ಸಮೇತ ಬರೆದಿತ್ತು. ಸಿಸ್ಟಮ್ ಫೈವ್ ಯೂನಿಕ್ಸ್‌ನಲ್ಲಿ ಅಪಾಯ ಇನ್ನೊಂದು ಬಗೆಯದು. ಅಲ್ಲಿ ಸಾಮಾನ್ಯ ಬಳಕೆದಾರನೂ ತನ್ನ ಫೈಲನ್ನು ಇನ್ನೊಬ್ಬರಿಗೆ ಚೌನ್ ಮಾಡಿ ದಾನ ಕೊಡಬಹುದಿತ್ತು. ಶೆಲ್ ಪ್ರೋಗ್ರಾಮಿನ ಒಂದು ಪ್ರತಿ ಮಾಡಿಕೊ, ಸೆಟ್‌ಯುಐಡಿ ಹಚ್ಚು, ರೂಟ್‌ಗೆ ದಾನ ಮಾಡು, ಓಡಿಸು. ಚೌನ್ ಮಾಡಿದೊಡನೆ ಬಿಟ್ ಹೋಗದಿದ್ದರೆ ಅಲ್ಲಿ ಭದ್ರತೆ ಎಂಬ ಮಾತಿಗೇ ಅರ್ಥವಿರುತ್ತಿರಲಿಲ್ಲ. ಇಷ್ಟಾದರೂ ಪೊಸಿಕ್ಸ್ ಮಾನಕ ರೈಟ್ ವಿಷಯದಲ್ಲಿ ಬಿಟ್‌ಗಳನ್ನು ಅಳಿಸಬಹುದು ಎಂದಿತೇ ಹೊರತು ಅಳಿಸಲೇಬೇಕು ಎನ್ನಲಿಲ್ಲ. ಮಾನಕದವರ ಈ ‘ಬಹುದು’ ಎಷ್ಟು ಫೈಲ್ ಸಿಸ್ಟಮ್‌ಗಳನ್ನು ಸೋಮಾರಿ ಮಾಡಿತೋ!

ಇಂದಿನ ಲಿನಕ್ಸ್‌ನಲ್ಲಿ ಅಳಿಸಬೇಕಾದ ಅಧಿಕಾರ ಮೂರು ಬಗೆ. ಸೆಟ್‌ಯುಐಡಿ ಒಂದು, ಗುಂಪಿನ ಅಧಿಕಾರ ಕೊಡುವ ಸೆಟ್‌ಜಿಐಡಿ ಇನ್ನೊಂದು. ಮೂರನೆಯದು 2008ರ ಆರಂಭದಲ್ಲಿ 2.6.24 ಕರ್ನಲ್ ಜೊತೆ ಬಂದ ಫೈಲ್ ಕೇಪಬಿಲಿಟಿ. ಇದು ಅನುಮತಿಗಳ ಸಾಲಿನಲ್ಲಿ ಕಾಣುವುದಿಲ್ಲ. ಫೈಲಿಗೆ ಅಂಟಿಕೊಂಡ ವಿಸ್ತೃತ ಗುಣಲಕ್ಷಣವೊಂದರಲ್ಲಿ ಕೂತಿರುತ್ತದೆ. ಪಿಂಗ್ ಪ್ರೋಗ್ರಾಮಿಗೆ ರೂಟ್‌ನ ಸಕಲ ಅಧಿಕಾರ ಏಕೆ, ಕಚ್ಚಾ ಸಾಕೆಟ್ ತೆರೆಯುವ ಅಧಿಕಾರವೊಂದು ಸಾಲದೇ ಎಂಬ ಯೋಚನೆಯಿಂದ ಹುಟ್ಟಿದ್ದು. ಒಳ್ಳೆಯ ಯೋಚನೆ. ಆದರೆ ಅಳಿಸುವವನಿಗೆ ಕೆಲಸ ಹೆಚ್ಚಾಯಿತು.

ಬರೆಯುವ ಕರೆ ಬಂದಾಗ ಕರ್ನಲ್ ಏನು ಮಾಡುತ್ತದೆ ನೋಡೋಣ. ಮೊದಲು ಐನೋಡ್‌ನ, ಅಂದರೆ ಫೈಲಿನ ವಿವರಗಳಿರುವ ದಾಖಲೆಯ, ಬೀಗ ಹಾಕಿಕೊಳ್ಳುತ್ತದೆ. ಇದು ಸಾಮಾನ್ಯ ಫೈಲೇ, ಡೈರೆಕ್ಟರಿ ಅಲ್ಲವಷ್ಟೇ ಎಂದು ನೋಡುತ್ತದೆ. ಡೈರೆಕ್ಟರಿಯ ಮೇಲೆ ಸೆಟ್‌ಜಿಐಡಿಗೆ ಅರ್ಥವೇ ಬೇರೆ. ಆಮೇಲೆ ಸೆಟ್‌ಯುಐಡಿ ಇದೆಯೇ, ಸೆಟ್‌ಜಿಐಡಿ ಇದೆಯೇ, ಕೇಪಬಿಲಿಟಿ ಇದೆಯೇ ಎಂಬ ವಿಚಾರಣೆ. ಇದ್ದರೆ ಅಳಿಸಿ, ಅದಾದ ಮೇಲೆ ದತ್ತಾಂಶ ಬರೆಯುತ್ತದೆ. ಈ ಕ್ರಮ ಮುಖ್ಯ. ಬಿಟ್ ಅಳಿಸಿದ ಮೇಲೆ ಬರವಣಿಗೆ ವಿಫಲವಾದರೆ ಒಂದು ಅಧಿಕಾರ ಸುಮ್ಮನೆ ಹೋಯಿತು, ಅಷ್ಟೇ. ಅಡ್ಮಿನ್ ಬೈದುಕೊಂಡು ಮತ್ತೆ ಹಚ್ಚುತ್ತಾನೆ. ಬರೆದಾದ ಮೇಲೆ ಅಳಿಸುವುದು ವಿಫಲವಾದರೆ ತಿದ್ದಿದ ಪತ್ರಕ್ಕೆ ಹಳೆಯ ಸಹಿ ಉಳಿದುಬಿಡುತ್ತದೆ.

ಇಲ್ಲೊಂದು ಗಮನಿಸಬೇಕಾದ ಸಂಗತಿಯಿದೆ. ಸಿಎಚ್‌ಮಾಡ್ ಮಾಡುವ ಹಕ್ಕು, ರೂಟ್ ಬಿಟ್ಟರೆ, ಮಾಲೀಕನಿಗೆ ಮಾತ್ರ. ಆದರೆ ಬರೆಯುತ್ತಿರುವವನು ಮಾಲೀಕನಾಗಿರಬೇಕಿಲ್ಲ, ಗುಂಪಿನ ಯಾರೋ ಇರಬಹುದು. ಹಾಗಾಗಿ ಕರ್ನಲ್ ಇಲ್ಲಿ ಮಾಲೀಕತ್ವ ವಿಚಾರಿಸದೆ, ತನ್ನ ಸ್ವಂತ ಅಧಿಕಾರದಿಂದ ಅನುಮತಿ ಬದಲಿಸುತ್ತದೆ. ಬರೆಯುವವನ ಕೈಯಿಂದ, ಅವನಿಗಿಲ್ಲದ ಹಕ್ಕು ಬಳಸಿ, ಮಾಲೀಕ ಕೊಟ್ಟ ಅಧಿಕಾರ ಕಿತ್ತುಕೊಳ್ಳುವುದು! ಇಂಥ ಒತ್ತಾಯದ ಬದಲಾವಣೆ ಎಲ್ಲಿ ಬೇಕೋ ಅಲ್ಲೇ ಆಗಬೇಕು. ಒಂದು ಹೆಜ್ಜೆ ಹಿಂದೆ ಮುಂದೆ ಆದರೂ ಅನರ್ಥ.

ಒಂದು ಹೆಜ್ಜೆ ಮೊದಲಾದ ಅನರ್ಥಕ್ಕೆ ಸಿವಿಇ-2015-1350 ಎಂಬ ಸಂಖ್ಯೆಯ ಭದ್ರತಾ ದೋಷ ಸಾಕ್ಷಿ. ಸಾಮಾನ್ಯ ಬಳಕೆದಾರನೊಬ್ಬ ಪಿಂಗ್ ಫೈಲಿನ ಮೇಲೆ ಚೌನ್ ಕೊಡುತ್ತಾನೆ. ಫೈಲು ರೂಟ್‌ನದು, ಅವನಿಗೆ ಆ ಹಕ್ಕಿಲ್ಲ. ಅನುಮತಿ ಇಲ್ಲ ಎಂದು ಕರ್ನಲ್ ಸರಿಯಾಗಿಯೇ ಹೇಳುತ್ತದೆ. ಆದರೆ ಹಾಗೆ ಹೇಳುವ ಮೊದಲೇ, ‘ಚೌನ್ ಬಂತಲ್ಲ, ಮಾಲೀಕ ಬದಲಾಗುತ್ತಾನೆ’ ಎಂದುಕೊಂಡು ಪಿಂಗ್‌ನ ಕೇಪಬಿಲಿಟಿಯನ್ನು ಅಳಿಸಿಬಿಟ್ಟಿರುತ್ತದೆ. ಅರ್ಜಿ ತಿರಸ್ಕರಿಸಿದರೂ ಕೆಲಸ ಆಗಿಹೋಗಿದೆ. ಆಮೇಲೆ ಆ ಯಂತ್ರದಲ್ಲಿ ಪಿಂಗ್ ರೂಟ್ ಬಿಟ್ಟು ಯಾರಿಗೂ ಓಡದು. ವೈರ್‌ಶಾರ್ಕ್‌ನ ಡಂಪ್‌ಕ್ಯಾಪ್ ಮೇಲೆ ಪ್ರಯೋಗಿಸಿದರೆ ಪ್ಯಾಕೆಟ್ ಹಿಡಿಯುವುದು ನಿಂತಿತು. ಇದರಿಂದ ಯಾರಿಗೂ ರೂಟ್ ಸಿಗುವುದಿಲ್ಲ, ಕಿರುಕುಳ ಅಷ್ಟೇ, ನಿಜ. ಆದರೆ ವಿನ್ಯಾಸದ ದೃಷ್ಟಿಯಿಂದ ಇದು ನನಗೆ ದೊಡ್ಡ ತಪ್ಪಾಗಿಯೇ ಕಾಣುತ್ತದೆ: ಅಧಿಕಾರ ಕಿತ್ತುಕೊಳ್ಳುವುದೂ ಒಂದು ಅಧಿಕಾರವೇ ಎಂಬುದನ್ನು ಆ ಕೋಡ್ ಮರೆತಿತ್ತು. ಪರೀಕ್ಷೆ ಮುಗಿದ ಮೇಲೆಯೇ ಅಳಿಸಬೇಕು ಎಂದು ಯಾನ್ ಕಾರಾ ಮಾಡಿದ ತಿದ್ದುಪಡಿ 2016ರಲ್ಲಿ 4.9 ಕರ್ನಲ್‌ಗೆ ಸೇರಿತು.

ಈ ಕೇಪಬಿಲಿಟಿಯ ವಿಷಯದಲ್ಲಿ ನಾನೂ ಒಮ್ಮೆ ಬೆರಳು ಸುಟ್ಟುಕೊಂಡಿದ್ದೇನೆ. ಹಿಂದೆ ಕೆಲಸಕ್ಕಿದ್ದ ಕಡೆ, ಡೈರೆಕ್ಟರಿಯೊಂದರ ಮಾಲೀಕತ್ವ ಅಸ್ತವ್ಯಸ್ತವಾಗಿದೆ ಎಂದು ರೂಟ್ ಆಗಿ ಇಡೀ ಡೈರೆಕ್ಟರಿಗೆ ಒಂದೇಟಿಗೆ ಚೌನ್ ಕೊಟ್ಟೆ. ರಾತ್ರಿ ನಿಗಾ ವ್ಯವಸ್ಥೆ ಸತ್ತುಬಿತ್ತು. ಮಾಲೀಕ ಸರಿ, ಅನುಮತಿ ಸರಿ, ಎಲ್‌ಎಸ್‌ನಲ್ಲಿ ಎಲ್ಲವೂ ನೆಟ್ಟಗೆ ಕಾಣುತ್ತಿದೆ. ಕೇಪಬಿಲಿಟಿ ತೋರಿಸುವ ಗೆಟ್‌ಕ್ಯಾಪ್ ಎಂಬ ಆಜ್ಞೆ ನೆನಪಾಗಲು ಎರಡು ಗಂಟೆ ಹಿಡಿಯಿತು. ಕೊಟ್ಟರೆ ಉತ್ತರ ಖಾಲಿ. ರೂಟ್ ಬರೆದರೆ ಸೆಟ್‌ಯುಐಡಿ ಉಳಿಯುತ್ತದೆ, ಆದರೆ ಕೇಪಬಿಲಿಟಿ ರೂಟ್ ಬರೆದರೂ ಹೋಗುತ್ತದೆ. ಚೌನ್ ಆದರಂತೂ, 2.2.13 ಕರ್ನಲ್‌ನಿಂದ ಈಚೆಗೆ ಓಡಿಸಬಲ್ಲ ಫೈಲಿನ ಸೆಟ್‌ಯುಐಡಿ ಕೂಡ ರೂಟ್‌ನ ಮುಲಾಜಿಲ್ಲದೆ ಹೋಗುತ್ತದೆ. ಒಂದೇ ಮನೆಯಲ್ಲಿ ಎರಡು ಕಾನೂನು. ಇದರಲ್ಲಿ ಕೇಪಬಿಲಿಟಿಯ ಕಾನೂನೇ ಸರಿ ಎಂದು, ಆ ರಾತ್ರಿಯ ಸಿಟ್ಟು ಇಳಿದ ಮೇಲೆ, ನನಗೆ ಅನ್ನಿಸಿದೆ.

ಏಕೆಂದರೆ ರೂಟ್‌ಗೆ ಕೊಟ್ಟ ವಿನಾಯಿತಿಯೇ ಒಂದು ಕಳ್ಳಗಿಂಡಿ. ಬರೆಯುವವನಿಗೆ ಎಫ್‌ಸೆಟ್‌ಐಡಿ ಎಂಬ ಸಾಮರ್ಥ್ಯ ಇದ್ದರೆ ಬಿಟ್ ಅಳಿಸಬೇಡ ಎಂಬುದು ಲಿನಕ್ಸ್‌ನ ನಿಯಮ. ಬರೆಯುವವನು ಎಂದರೆ ಯಾರು? ಫೈಲನ್ನು ತೆರೆದವನೋ, ಆ ಕ್ಷಣಕ್ಕೆ ರೈಟ್ ಕರೆ ಮಾಡಿದವನೋ? ಕರ್ನಲ್ ನೋಡುವುದು ಎರಡನೆಯವನನ್ನು. ಯೂನಿಕ್ಸ್‌ನಲ್ಲಿ ತೆರೆದ ಫೈಲನ್ನು ಇನ್ನೊಂದು ಪ್ರೋಗ್ರಾಮಿಗೆ ದಾಟಿಸುವುದು ನಿತ್ಯದ ಕೆಲಸ. ಆದ್ದರಿಂದ ಕಿಡಿಗೇಡಿ, ಎಲ್ಲರೂ ಬರೆಯಬಹುದಾದ ಆ ಸೆಟ್‌ಯುಐಡಿ ಫೈಲಿನಂಥದ್ದನ್ನು ತಾನೇ ತೆರೆದು, ಅದನ್ನು ರೂಟ್ ಅಧಿಕಾರದ ಸೆಟ್‌ಯುಐಡಿ ಪ್ರೋಗ್ರಾಮೊಂದರ ದೋಷಸಂದೇಶದ ಕೊಳವೆಗೆ ಜೋಡಿಸಿ ಓಡಿಸುತ್ತಾನೆ. ‘ಇಂಥ ಹೆಸರಿನ ಫೈಲು ಇಲ್ಲ’ ಎಂದು ಆ ಪ್ರೋಗ್ರಾಮು ಬೈಯುವಾಗ, ಹೆಸರಿನ ಜಾಗದಲ್ಲಿ ಅವನು ಕೊಟ್ಟ ಅಕ್ಷರಗಳೇ ಅವನು ತೆರೆದ ಫೈಲಿಗೆ ಹೋಗಿ ಬೀಳುತ್ತವೆ. ಬರೆದದ್ದು ರೂಟ್, ಹಾಗಾಗಿ ಬಿಟ್ ಅಳಿಯಲಿಲ್ಲ. ಬೇಲಿಯೇ ಎದ್ದು ಹೊಲ ಮೇಯಿತು. ಇದೇ ಜಾತಿಯ ಉಪಾಯ 2012ರ ಜನವರಿಯಲ್ಲಿ ಪ್ರೊಸೆಸ್‌ನ ಸ್ಮೃತಿಯನ್ನು ಫೈಲಿನಂತೆ ತೋರಿಸುವ ಜಾಗದಲ್ಲೂ ಕಂಡಿತ್ತು, ಸಿವಿಇ-2012-0056 ಎಂದು. ಅದಾದ ಮೇಲೆ ಕರ್ನಲ್‌ನ ಹಲವು ಕಡೆ ತೆರೆದವನ ಗುರುತನ್ನೇ ನೋಡುವ ಪದ್ಧತಿ ಬಂತು. ಬಿಟ್ ಅಳಿಸುವ ಕಡೆಗೆ ಮಾತ್ರ ಬರಲಿಲ್ಲ.

‘ಯಾರೋ ತಪ್ಪು ಅನುಮತಿ ಕೊಟ್ಟರೆ ತಾನೇ ಇದೆಲ್ಲ? ಅದು ಅಡ್ಮಿನ್ ತಪ್ಪು, ಕರ್ನಲ್ಲಿನದಲ್ಲ’ ಎಂಬ ವಾದ ಕೇಳಿಬರುತ್ತದೆ. 2018ರ ಸಿವಿಇ-2018-13405 ಆ ವಾದದ ಬಾಯಿ ಮುಚ್ಚಿಸಿತು. ಡೈರೆಕ್ಟರಿಗೆ ಸೆಟ್‌ಜಿಐಡಿ ಇದ್ದರೆ ಅದರೊಳಗೆ ಹುಟ್ಟುವ ಫೈಲುಗಳಿಗೆಲ್ಲ ಡೈರೆಕ್ಟರಿಯ ಗುಂಪೇ ಬರುತ್ತದೆ. ಗುಂಪಾಗಿ ಕೆಲಸ ಮಾಡುವವರಿಗೆ ಅನುಕೂಲ ಎಂದು ಬಹಳ ಕಾಲದಿಂದ ಇರುವ ವ್ಯವಸ್ಥೆ. ಆ ಡೈರೆಕ್ಟರಿಯಲ್ಲಿ ಬರೆಯಲು ಎಲ್ಲರಿಗೂ ಅವಕಾಶವಿದ್ದರೆ, ಗುಂಪಿಗೆ ಸೇರದವನೂ ಫೈಲು ಹುಟ್ಟಿಸಬಹುದು. ಹುಟ್ಟಿಸುವಾಗಲೇ ಸೆಟ್‌ಜಿಐಡಿ ಬೇಕೆಂದು ಕೇಳಿದರೆ ಕರ್ನಲ್ ಕೊಟ್ಟುಬಿಡುತ್ತಿತ್ತು. ತನ್ನದಲ್ಲದ ಗುಂಪಿನ ಹೆಸರು, ಅದರ ಮೇಲೆ ಸೆಟ್‌ಜಿಐಡಿ, ಒಳಗೆ ಇನ್ನೂ ಏನೂ ಇಲ್ಲದ ಖಾಲಿ ಫೈಲು. ಸಹಿ ಹಾಕಿದ ಖಾಲಿ ಛಾಪಾ ಕಾಗದ ಅನ್ನಿ.

ರೈಟ್ ಕರೆಯಿಂದ ಅದರೊಳಗೆ ಕೋಡ್ ತುಂಬಿದರೆ ಬಿಟ್ ಹೋಗುತ್ತದೆ, ಸರಿ. ಆದರೆ ಫೈಲಿಗೆ ಜಾಗ ಕಾದಿರಿಸುವ ಎಫ್‌ಅಲೊಕೇಟ್ ಎಂಬ ಕರೆಯಿಂದ ಗಾತ್ರ ಹಿಗ್ಗಿಸಿ, ಫೈಲನ್ನು ಎಂಮ್ಯಾಪ್‌ನಿಂದ ಸ್ಮೃತಿಗೆ ಹಾಸಿಕೊಂಡು, ನೇರವಾಗಿ ಸ್ಮೃತಿಯಲ್ಲಿ ಬರೆದರೆ? ಆ ಎರಡೂ ದಾರಿಯಲ್ಲಿ ಅಂದು ಕಾವಲಿರಲಿಲ್ಲ. ಇಲ್ಲಿ ಯಾವ ಅಡ್ಮಿನ್ ಕೈಯೂ ತಪ್ಪಿಲ್ಲ. ಗುಂಪಿಗೆ ಸೇರದವನು ಹುಟ್ಟಿಸಿದ ಫೈಲಿಗೆ ಸೆಟ್‌ಜಿಐಡಿ ಕೊಡಬಾರದು ಎಂದು ಲಿನಸ್ ಟೊರ್ವಾಲ್ಡ್ಸ್ ಅವರೇ ಆ ಜುಲೈಯಲ್ಲಿ ಸರಿಪಡಿಸಿದರು. ಕಥೆ ಅಲ್ಲಿಗೆ ಮುಗಿಯಲಿಲ್ಲ. ಅವರು ತಿದ್ದಿದ ಕಾರ್ಯವನ್ನು ಎಕ್ಸ್‌ಎಫ್‌ಎಸ್ ಫೈಲ್ ಸಿಸ್ಟಮ್ ಬಳಸುತ್ತಲೇ ಇರಲಿಲ್ಲ. ಅದಕ್ಕೆ ಅದರದೇ ಸ್ವಂತ ಕೋಡ್ ಇತ್ತು. ಅಲ್ಲಿ ಅದೇ ರಂಧ್ರ ಉಳಿದುಕೊಂಡು ಸಿವಿಇ-2021-4037 ಎಂಬ ಹೊಸ ಸಂಖ್ಯೆ ಪಡೆಯಿತು. ಬಳಿಕ ಹೊಸ ಫೈಲಿನ ಅನುಮತಿ ಮೊಟಕುಗೊಳಿಸುವ ಯುಮಾಸ್ಕ್ ಮೊದಲು ಅನ್ವಯಿಸಬೇಕೋ ಸೆಟ್‌ಜಿಐಡಿ ಪರೀಕ್ಷೆ ಮೊದಲಾಗಬೇಕೋ ಎಂಬ ಕ್ರಮದಲ್ಲೂ ಫೈಲ್ ಸಿಸ್ಟಮ್‌ಗಳ ನಡುವೆ ಭೇದವಿದೆ ಎಂದು ಗೊತ್ತಾಗಿ, 2022ರ 6.0 ಕರ್ನಲ್‌ನಲ್ಲಿ ಆ ಕೆಲಸವನ್ನೇ ಫೈಲ್ ಸಿಸ್ಟಮ್‌ಗಳ ಕೈಯಿಂದ ಕಿತ್ತು ಮೇಲಿನ ವಿಎಫ್‌ಎಸ್ ಪದರಕ್ಕೆ ತಂದರು.

ಈ ಪ್ರಶ್ನೆಗಳನ್ನೆಲ್ಲ ಸುತ್ತಿಬಂದ ಮೇಲೆ ಮೂಲ ದೋಷ ಇಲ್ಲಿದೆ ಎಂದು ನನಗನ್ನಿಸುತ್ತದೆ. ‘ಒಳಗಿನ ವಸ್ತು ಬದಲಾದರೆ’ ಎಂಬುದು ನಿಯಮ; ಆದರೆ ಕರ್ನಲ್‌ಗೆ ಒಳಗಿನ ವಸ್ತುವಿನ ಮೇಲೆ ಕಣ್ಣಿಲ್ಲ, ಬಾಗಿಲುಗಳ ಮೇಲೆ ಮಾತ್ರ ಇದೆ. ಕೆರೆಯ ನೀರು ಅಳೆಯುವ ಬದಲು ತೂಬುಗಳಿಗೆ ಒಬ್ಬೊಬ್ಬ ನೀರುಗಂಟಿಯನ್ನು ನಿಲ್ಲಿಸಿದ ಹಾಗೆ. ಅವನನ್ನು ನಿಲ್ಲಿಸುವ ಜವಾಬ್ದಾರಿಯೂ ಬಹುಪಾಲು ಆಯಾ ಫೈಲ್ ಸಿಸ್ಟಮ್‌ನದು, ಏಕೆಂದರೆ ಬೀಗ ಯಾವಾಗ ಹಾಕಬೇಕು ಎಂಬುದು ಅದಕ್ಕೇ ಗೊತ್ತು. ಹೊಸ ತೂಬು ತೆರೆದವರು ನೀರುಗಂಟಿಯನ್ನು ಮರೆಯುತ್ತಾರೆ. ಎಫ್‌ಅಲೊಕೇಟ್ ಮೊದಲಿಗೆ ಜಾಗ ಕಾದಿರಿಸುವ ಸಾಧು ಕರೆ. ಆಮೇಲೆ ಅದಕ್ಕೆ ಫೈಲಿನ ನಡುವೆ ತೂತು ಕೊರೆಯುವ, ಒಂದು ಭಾಗ ಕಿತ್ತು ಉಳಿದದ್ದನ್ನು ಹಿಂದಕ್ಕೆ ಸರಿಸುವ, ನಡುವೆ ಜಾಗ ತುರುಕುವ ವಿದ್ಯೆಗಳೆಲ್ಲ ಬಂದವು. ಅವೆಲ್ಲ ವಸ್ತುವನ್ನು ಬದಲಿಸುತ್ತವೆ. ಆದರೂ ಎಕ್ಸ್ಟ್4 ಮತ್ತು ಬಿಟಿಆರ್‌ಎಫ್‌ಎಸ್ ಫೈಲ್ ಸಿಸ್ಟಮ್‌ಗಳು ಎಫ್‌ಅಲೊಕೇಟ್ ದಾರಿಯಲ್ಲಿ ಬಿಟ್ ಅಳಿಸುವ ಪದ್ಧತಿಯನ್ನು ಸರಿಯಾಗಿ ತಂದದ್ದು 2022ರಲ್ಲಿ, ಡ್ಯಾರಿಕ್ ವಾಂಗ್ ಅವರ ತಿದ್ದುಪಡಿಗಳಿಂದ. ಒಂದು ಫೈಲಿನ ತುಣುಕನ್ನು ಇನ್ನೊಂದಕ್ಕೆ ನಕಲಿಸುವ ಕರೆ, ಡಿಸ್ಕಿನ ಬ್ಲಾಕುಗಳನ್ನು ಹಂಚಿಕೊಳ್ಳುವ ರೀಲಿಂಕ್, ಪದರದ ಮೇಲೆ ಪದರ ಇಡುವ ಓವರ್‌ಲೇ ಎಫ್‌ಎಸ್, ಒಂದೊಂದರದೂ ಇದೇ ಕಥೆ. ಒಂದೊಂದು ವರ್ಷ, ಒಂದೊಂದು ಪ್ಯಾಚ್.

ವೇಗದ ಒತ್ತಡವೂ ಇದೆ, ಅದನ್ನು ಹಗುರವಾಗಿ ಕಾಣುವ ಹಾಗಿಲ್ಲ. ಫೈಲ್ ಕೇಪಬಿಲಿಟಿ ಬಂದ ಮೇಲೆ ಪ್ರತಿ ರೈಟ್‌ಗೂ ಗುಣಲಕ್ಷಣ ಹುಡುಕಬೇಕಾಯಿತು. ಇಲ್ಲದ ವಸ್ತುವನ್ನು, ಇಲ್ಲ ಎಂದು ಖಾತ್ರಿ ಮಾಡಿಕೊಳ್ಳಲು, ಸೆಕೆಂಡಿಗೆ ಸಾವಿರಾರು ಸಲ ಹುಡುಕುವುದು! 2011ರಲ್ಲಿ ಆ್ಯಂಡಿ ಕ್ಲೀನ್ ಇದಕ್ಕೊಂದು ಗುರುತು ತಂದರು: ಒಮ್ಮೆ ನೋಡಿ ಏನೂ ಇಲ್ಲವೆಂದು ಗೊತ್ತಾದರೆ ಐನೋಡ್ ಮೇಲೆ ‘ಇಲ್ಲಿ ಏನೂ ಇಲ್ಲ’ ಎಂದು ಚೀಟಿ ಅಂಟಿಸು, ಮುಂದಿನ ಸಲ ಹುಡುಕಬೇಡ. ಒಂದೇ ಯಂತ್ರದ ಡಿಸ್ಕಿಗೆ ಇದು ಸೊಗಸು. ಹಲವು ಯಂತ್ರಗಳು ಒಂದೇ ಫೈಲ್ ಸಿಸ್ಟಮ್ ಹಂಚಿಕೊಂಡಿದ್ದರೆ, ಆ ಚೀಟಿ ಅಂಟಿಸಿದ ಮೇಲೆ ಪಕ್ಕದ ಯಂತ್ರದವನು ಬಿಟ್ ಹಚ್ಚಬಹುದಲ್ಲ? ಅದಕ್ಕೇ ಈ ಸೌಲಭ್ಯ ಬೇಕೆಂದು ತಾವಾಗಿ ಹೇಳಿದ ಫೈಲ್ ಸಿಸ್ಟಮ್‌ಗಳಿಗೆ ಮಾತ್ರ. ನಂತರ ಕಾಯದೆ ಓದು-ಬರಹ ಮಾಡಿಸುವ ಐಒ ಯುರಿಂಗ್ ಬಂದು, ಕಾಯಲು ನನಗೆ ಪುರುಸೊತ್ತಿಲ್ಲ ಎಂದಿತು. ಹಾಗಾಗಿ 6.0 ಕರ್ನಲ್‌ನಲ್ಲಿ, ಅಳಿಸುವ ಕೆಲಸ ಇದ್ದರೆ ಆಮೇಲೆ ಬಾ ಎಂದು ಅದನ್ನು ಹಿಂದಕ್ಕೆ ಕಳಿಸಿ ನಿಧಾನದ ದಾರಿಯಲ್ಲಿ ಮುಗಿಸುವ ವ್ಯವಸ್ಥೆ ಮಾಡಬೇಕಾಯಿತು. ಜಾಲದ ಮೇಲಿನ ಎನ್‌ಎಫ್‌ಎಸ್‌ನಲ್ಲಿ ಅಳಿಸುವವನು ಸರ್ವರ್. ಕ್ಲೈಂಟ್ ಹತ್ತಿರ ಹಳೆಯ ಅನುಮತಿಯ ಪ್ರತಿ ಸ್ವಲ್ಪ ಹೊತ್ತು ಉಳಿದಿರಬಹುದು. ಕರ್ನಲ್‌ನ ಹೊರಗಿನ ಪ್ರೋಗ್ರಾಮೇ ಫೈಲ್ ಸಿಸ್ಟಮ್ ನಡೆಸುವ ಫ್ಯೂಸ್‌ನಲ್ಲಂತೂ ಕರ್ನಲ್ ಅಳಿಸಬೇಕೋ ಹೊರಗಿನ ಪ್ರೋಗ್ರಾಮು ಅಳಿಸಬೇಕೋ ಎಂದು ಒಪ್ಪಂದ ಬರೆಯಲು ಎರಡು ಆವೃತ್ತಿ ಬೇಕಾದವು, ಎರಡನೆಯದು 2021ರ 5.11ರಲ್ಲಿ ಬಂತು.

ಇಷ್ಟೆಲ್ಲ ತೂಬುಗಳಲ್ಲಿ ಇಂದಿಗೂ ಕಾವಲಿಲ್ಲದ ಒಂದಿದೆ: ಎಂಮ್ಯಾಪ್. ಆರಂಭದ ಪ್ರಯೋಗವನ್ನೇ, ಎಕೋ ಬದಲು ಹತ್ತು ಸಾಲಿನ ಸಿ ಪ್ರೋಗ್ರಾಮು ಬರೆದು, ಫೈಲನ್ನು ಸ್ಮೃತಿಗೆ ಹಾಸಿ ಒಂದು ಬೈಟ್ ಬದಲಿಸಿ ನೋಡಿ. ಬೈಟ್ ಬದಲಾಗಿರುತ್ತದೆ, ಸಮಯದ ಮುದ್ರೆ ಬದಲಾಗಿರುತ್ತದೆ, ‘ಎಸ್’ ಮಾತ್ರ ಕೂತಲ್ಲೇ ಕೂತಿರುತ್ತದೆ. ಯಾರಿಗೂ ಗೊತ್ತಿಲ್ಲದ ವಿಷಯವಲ್ಲ ಇದು. 2015ರ ಕೊನೆಯಿಂದ 2016ರ ಆರಂಭದವರೆಗೆ ಕೀಸ್ ಕುಕ್ ಇದನ್ನು ಮುಚ್ಚಲು ಪ್ಯಾಚ್ ಮೇಲೆ ಪ್ಯಾಚ್ ಬರೆದರು. ಏಕೆ ಆಗಲಿಲ್ಲ ಎಂಬುದು ಕರ್ನಲ್‌ನ ಒಳಮನೆ ಹೇಗಿದೆ ಎಂದು ತೋರಿಸುವುದರಿಂದ ಸ್ವಲ್ಪ ನಿಂತು ನೋಡಬೇಕು.

ಸ್ಮೃತಿಯಲ್ಲಿ ಮೊದಲ ಸಲ ಬರೆದಾಗ ಪೇಜ್ ಫಾಲ್ಟ್ ಆಗಿ ಕರ್ನಲ್ ಒಳಗೆ ಬರುತ್ತದೆ. ಅಲ್ಲೇ ಬಿಟ್ ಅಳಿಸಿಬಿಡೋಣ ಎಂದರೆ, ಅಷ್ಟು ಹೊತ್ತಿಗೆ ಅದು ಪ್ರೊಸೆಸ್‌ನ ಸ್ಮೃತಿಯ ಬೀಗ ಹಿಡಿದಿರುತ್ತದೆ. ಬಿಟ್ ಅಳಿಸಲು ಐನೋಡ್ ಬೀಗವೂ ಬೇಕು. ಅತ್ತ ರೈಟ್ ಕರೆ ಮೊದಲು ಐನೋಡ್ ಬೀಗ ಹಿಡಿದು, ಬಳಕೆದಾರನ ಸ್ಮೃತಿಯಿಂದ ದತ್ತಾಂಶ ಎಳೆದುಕೊಳ್ಳುವಾಗ ಸ್ಮೃತಿಯ ಬೀಗ ಕೇಳಬಹುದು. ಒಬ್ಬ ಹಿಡಿದದ್ದು ಇನ್ನೊಬ್ಬನಿಗೆ ಬೇಕು, ಇಬ್ಬರೂ ಬಿಡುವುದಿಲ್ಲ, ಯಂತ್ರ ಗಕ್ಕನೆ ನಿಂತಿತು. ಹಾಗಾದರೆ ಎಂಮ್ಯಾಪ್ ಕರೆ ಬಂದ ಗಳಿಗೆಯಲ್ಲೇ, ಸ್ಮೃತಿಯ ಬೀಗ ಹಿಡಿಯುವ ಮೊದಲೇ ಅಳಿಸಿದರೆ? ಆಗ ಓದಲು ಮಾತ್ರ ಎಂದು ಹಾಸಿಕೊಂಡು, ಆಮೇಲೆ ಎಂಪ್ರೊಟೆಕ್ಟ್ ಕರೆಯಿಂದ ಬರೆಯುವ ಹಕ್ಕು ಸೇರಿಸಿಕೊಳ್ಳುವವನು ತಪ್ಪಿಸಿಕೊಳ್ಳುತ್ತಾನೆ. ಬರೆದೇ ಇಲ್ಲದವನ ಫೈಲಿನ ಬಿಟ್ ವೃಥಾ ಹೋಗುತ್ತದೆ ಎಂಬ ತಕರಾರು ಬೇರೆ. ಫೈಲು ಮುಚ್ಚುವಾಗ ಅಳಿಸೋಣ ಎಂಬುದು ಮತ್ತೊಂದು ಸಲಹೆ. ಬರೆಯಲು ತೆರೆದಿರುವ ಫೈಲನ್ನು ಓಡಿಸಲು ಲಿನಕ್ಸ್ ಬಿಡುವುದಿಲ್ಲ, ಹಾಗಾಗಿ ನಡುವಿನ ಹೊತ್ತಿನಲ್ಲಿ ಅಪಾಯವಿಲ್ಲ, ಕೇಳಲು ಚೆನ್ನಾಗಿದೆ. ಆದರೆ ಕೊನೆಗೆ ಮುಚ್ಚುವವನು ಬರೆದವನೇ ಆಗಿರಬೇಕಿಲ್ಲ. ಯಾರ ಹಕ್ಕು ನೋಡಿ ಅಳಿಸಬೇಕು ಎಂಬ ಹಳೆಯ ಪ್ರಶ್ನೆ ಮತ್ತೆ ಹೊಸ್ತಿಲಿಗೆ ಬಂತು. ಪ್ಯಾಚ್ ಸೇರಲಿಲ್ಲ. ಆ ‘ಓಡಿಸಲು ಬಿಡುವುದಿಲ್ಲ’ ಎಂಬ ರಕ್ಷಣೆಯೂ ಶಾಶ್ವತವೇನಲ್ಲ: 2024ರ 6.11 ಕರ್ನಲ್‌ನಲ್ಲಿ ಅದನ್ನೇ ತೆಗೆದುಹಾಕಿದರು, ಮೋಲ್ಡ್ ಎಂಬ ಲಿಂಕರ್‌ಗೆ ತೊಂದರೆಯಾಯಿತೆಂದು 6.13ರಲ್ಲಿ ಮರಳಿ ಹಾಕಿದರು. ತಳಪಾಯದ ಕಲ್ಲೊಂದನ್ನು ತೆಗೆದು, ಆಮೇಲೆ ಅದರ ಮೇಲೆ ಏನೋ ನಿಂತಿತ್ತೆಂದು ನೆನಪಾದ ಹಾಗೆ.

ಬಾಗಿಲುಗಳನ್ನೇ ಬಳಸದೆ ಗೋಡೆ ಒಡೆದು ಬಂದದ್ದು ಡರ್ಟಿ ಪೈಪ್. 2022ರ ಮಾರ್ಚ್ 7ರಂದು ಮ್ಯಾಕ್ಸ್ ಕೆಲ್ಲರ್‌ಮನ್ ಬಹಿರಂಗಪಡಿಸಿದ ಸಿವಿಇ-2022-0847ರ ಮೂಲ, ಪೈಪ್‌ನ ಒಂದು ಧ್ವಜವನ್ನು ಸೊನ್ನೆ ಮಾಡಲು ಮರೆತದ್ದು. ಅವರಿಗೆ ಸಿಕ್ಕಿದ್ದೂ ಆಗಾಗ ಕೆಡುತ್ತಿದ್ದ ಲಾಗ್ ಫೈಲುಗಳ ಬೆನ್ನು ಹತ್ತಿದ್ದರಿಂದ. ಅದರಿಂದ ಓದಲು ಮಾತ್ರ ಹಕ್ಕಿದ್ದ ಫೈಲಿನ, ಸ್ಮೃತಿಯಲ್ಲಿರುವ ಪೇಜ್ ಕ್ಯಾಶ್ ಪ್ರತಿಯನ್ನು ತಿದ್ದಬಹುದಿತ್ತು. ರೈಟ್ ಕರೆ ಫೈಲಿನ ಮೇಲೆ ಆಗಲೇ ಇಲ್ಲ, ಫೈಲ್ ಸಿಸ್ಟಮ್‌ಗೆ ಸುದ್ದಿಯೇ ಇಲ್ಲ, ಬಿಟ್ ಅಳಿಸುವವನನ್ನು ಯಾರೂ ಎಬ್ಬಿಸಲಿಲ್ಲ. ಆಗ ಹರಿದಾಡಿದ ದಾಳಿ ಕೋಡ್‌ಗಳಲ್ಲಿ ಒಂದು ಇದನ್ನೇ ನೆಚ್ಚಿಕೊಂಡಿತ್ತು: ಸೆಟ್‌ಯುಐಡಿ ಇರುವ ಪ್ರೋಗ್ರಾಮನ್ನು ತಿದ್ದು, ಬಿಟ್ ಹಾಗೇ ಇರುತ್ತದೆ, ಓಡಿಸು, ರೂಟ್ ಆಗು, ಹಳೆಯ ಬೈಟ್‌ಗಳನ್ನು ವಾಪಸ್ ಇಟ್ಟುಬಿಡು. 2016ರ ಡರ್ಟಿ ಕೌ ಎಂಬ ದೋಷದ ಸಮಯದಲ್ಲೂ ಸೆಟ್‌ಯುಐಡಿ ಪ್ರೋಗ್ರಾಮುಗಳ ಮೇಲೆ ಇದೇ ಪ್ರಯೋಗ ನಡೆದಿತ್ತು.

ಅಳಿಸುವವನು ಸರಿಯಾಗಿ ಅಳಿಸಿದರೂ, ಓಡಿಸುವವನು ತಪ್ಪು ಗಳಿಗೆಯಲ್ಲಿ ನೋಡಿದರೆ ಕೆಲಸ ಕೆಟ್ಟಂತೆಯೇ. ಬೇರೊಬ್ಬನ ಸೆಟ್‌ಯುಐಡಿ ಫೈಲನ್ನು ರೂಟ್ ತನ್ನ ಹೆಸರಿಗೆ ಚೌನ್ ಮಾಡಿಕೊಳ್ಳುತ್ತಾನೆ. ಕರ್ನಲ್ ಮಾಲೀಕನ ಹೆಸರು ಬದಲಿಸಿ, ಬಿಟ್ ಅಳಿಸುತ್ತದೆ. ಈ ಎರಡರ ನಡುವಿನ ಕೂದಲೆಳೆ ಅಂತರದಲ್ಲಿ ಆ ಬೇರೊಬ್ಬ ಫೈಲನ್ನು ಓಡಿಸಿದರೆ, ಹಳೆಯ ಬಿಟ್ ಮತ್ತು ಹೊಸ ಮಾಲೀಕ ಎರಡೂ ಒಟ್ಟಿಗೆ ಕಂಡು, ಅವನ ಕೋಡ್ ರೂಟ್ ಹೆಸರಿನಲ್ಲಿ ಓಡುತ್ತದೆ. ಸಿವಿಇ-2015-3339 ಇದು. ಯಾನ್ ಹಾರ್ನ್ ಅವರ ತಿದ್ದುಪಡಿ ಸರಳ: ಓಡಿಸುವವನೂ ಐನೋಡ್ ಬೀಗ ಹಿಡಿದೇ ಮಾಲೀಕನನ್ನೂ ಬಿಟ್ಟನ್ನೂ ಓದಬೇಕು. ಒಂಬತ್ತು ವರ್ಷದ ನಂತರ ಇದರ ಇನ್ನೊಂದು ಮಗ್ಗುಲು ಸಿಕ್ಕಿತು, ಸಿವಿಇ-2024-43882. ಓಡಿಸುವ ಹಕ್ಕಿದೆಯೇ ಎಂದು ಫೈಲು ತೆರೆಯುವಾಗ ನೋಡುತ್ತಿದ್ದರು, ಸೆಟ್‌ಯುಐಡಿ ಇದೆಯೇ ಎಂದು ಆಮೇಲೆ ನೋಡುತ್ತಿದ್ದರು. ನಡುವೆ ಅಡ್ಮಿನ್ ‘ಇತರರು ಓಡಿಸಬಾರದು, ಸೆಟ್‌ಯುಐಡಿ ಇರಲಿ’ ಎಂದು ಒಂದೇ ಆಜ್ಞೆಯಲ್ಲಿ ಬದಲಿಸಿದರೆ, ಹಳೆಯ ಹಕ್ಕಿನಿಂದ ಒಳಗೆ ಬಂದವನಿಗೆ ಹೊಸ ಅಧಿಕಾರ ಸಿಗುತ್ತಿತ್ತು. ಈಗ ಬೀಗದೊಳಗೆ ಇನ್ನೊಮ್ಮೆ ಕೇಳುತ್ತಾರೆ.

ಕಂಟೇನರ್‌ಗಳ ಕಾಲದಲ್ಲಿ ಇನ್ನೊಂದು ಬಗೆಯ ದೋಷ ಸೇರಿಕೊಂಡಿದೆ. ಸಿವಿಇ-2023-0386ರಲ್ಲಿ ಓವರ್‌ಲೇ ಎಫ್‌ಎಸ್, ಸೆಟ್‌ಯುಐಡಿಗೆ ಬೆಲೆಯಿಲ್ಲದ ಮೌಂಟ್ ಒಂದರಿಂದ ಫೈಲನ್ನು ಬೆಲೆಯಿರುವ ಕಡೆಗೆ ನಕಲು ಮಾಡುವಾಗ ಅಧಿಕಾರವನ್ನೂ ಹೊತ್ತು ತಂದಿಡುತ್ತಿತ್ತು. ಸರಿಪಡಿಸಿ ಎರಡು ವರ್ಷ ಕಳೆದ ಮೇಲೂ, 2025ರ ಜೂನ್‌ನಲ್ಲಿ, ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ ಇದನ್ನು ನಿಜವಾಗಿ ದುರ್ಬಳಕೆಯಾಗುತ್ತಿರುವ ದೋಷಗಳ ಪಟ್ಟಿಗೆ ಸೇರಿಸಿತು.

ಇಷ್ಟು ಕಾಡುವ ಬಿಟ್ಟನ್ನೇ ಬಿಟ್ಟುಬಿಡಬಾರದೇ ಎಂಬ ಯೋಚನೆ ಸಹಜ. ಆ ದಿಕ್ಕಿನಲ್ಲಿ ನಡೆದದ್ದೂ ಕಡಿಮೆಯಲ್ಲ. 2012ರ 3.5 ಕರ್ನಲ್‌ನಿಂದ, ಇನ್ನು ಮುಂದೆ ಹೊಸ ಅಧಿಕಾರ ಬೇಡ ಎಂದು ಪ್ರೊಸೆಸ್ ತನಗೆ ತಾನೇ ಗೆರೆ ಎಳೆದುಕೊಳ್ಳಬಹುದು. ಆಂಡ್ರಾಯ್ಡ್ 2013ರ 4.3ರಲ್ಲಿ ಆ್ಯಪ್‌ಗಳ ಪಾಲಿಗೆ ಸಿಸ್ಟಮ್ ವಿಭಾಗವನ್ನು ಸೆಟ್‌ಯುಐಡಿ ನಡೆಯದಂತೆ ಮೌಂಟ್ ಮಾಡಿತು. ಲಿನಕ್ಸ್‌ನಲ್ಲಿ ಪಿಂಗ್‌ಗೆ ಈಗ ಸೆಟ್‌ಯುಐಡಿಯೂ ಬೇಡ, ಕೇಪಬಿಲಿಟಿಯೂ ಬೇಡ; ಅದಕ್ಕೆಂದೇ ಬೇರೆ ಬಗೆಯ ಸಾಕೆಟ್ ಇದೆ. ಸೆಟ್‌ಜಿಐಡಿ ಬಿಟ್‌ಗೆ ಅಂಟಿಕೊಂಡಿದ್ದ ಕಡ್ಡಾಯ ಲಾಕಿಂಗ್ ಎಂಬ ಎರಡನೆಯ ಅರ್ಥವನ್ನು 2021ರ 5.15ರಲ್ಲಿ ಕಿತ್ತು ಬಿಸಾಡಿದರು. ಅದರ ದೆಸೆಯಿಂದ ಗುಂಪಿಗೆ ‘ಎಕ್ಸ್’ ಇಲ್ಲದ ಫೈಲುಗಳ ಸೆಟ್‌ಜಿಐಡಿ ಅಳಿಸುವ ಹಾಗಿರಲಿಲ್ಲ. 2024ರಲ್ಲಿ ಸಿಸ್ಟಮ್‌ಡಿ 256, ಸುಡೊಗೆ ಬದಲಾಗಿ ರನ್0 ಎಂಬ ಆಜ್ಞೆ ತಂದಿತು. ಸೆಟ್‌ಯುಐಡಿ ಇಲ್ಲದೆಯೇ ರೂಟ್ ಕೆಲಸ ಮಾಡಿಸಿಕೊಳ್ಳಬಹುದು ಎಂಬುದೇ ಅದರ ಹೆಮ್ಮೆ.

ಆಸೆಯಿಂದ ಅದನ್ನು ನನ್ನ ಯಂತ್ರದಲ್ಲಿ ಓಡಿಸಿದೆ. ಪಾಸ್‌ವರ್ಡ್ ಕೇಳಿತು, ಕೊಟ್ಟೆ, ರೂಟ್ ಆಯಿತು. ಕೇಳಿದವರು ಯಾರೆಂದು ನೋಡಿದರೆ ಪೋಲ್‌ಕಿಟ್ ಎಂಬ ಅನುಮತಿ ಸೇವೆ. ಆ ಪಾಸ್‌ವರ್ಡನ್ನು ತಾಳೆ ನೋಡಲು ಅದಕ್ಕೊಂದು ಪುಟ್ಟ ಸಹಾಯಕ ಪ್ರೋಗ್ರಾಮು. ಅದರ ಮೇಲೆ ಎಲ್‌ಎಸ್ ಕೊಟ್ಟೆ. ಮಾಲೀಕ ರೂಟ್, ಅನುಮತಿಗಳ ಸಾಲಿನಲ್ಲಿ ನಾಲ್ಕನೆಯ ಅಕ್ಷರ ‘ಎಸ್’.